ಪಾರದರ್ಶಕ ಮರಿಮೀನಿನೊಳಗೆ ನರಕೋಶಗಳ ಮಾತುಕತೆ

ಟಿಪ್ಪುವಿನ ಪತನದ ಬಳಿಕ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ನಮಗೆ ಪರಿಚಿತ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಹೊತ್ತ ಆತನೇ 1822ರಲ್ಲಿ, ಗಂಗಾನದಿಯ ಮೀನುಗಳ ಕುರಿತ ಪುಸ್ತಕದಲ್ಲಿ, ನೀಲಿ ಪಟ್ಟೆಗಳ ಪುಟ್ಟ ಮೀನೊಂದನ್ನು ಮೊದಲ ಬಾರಿಗೆ ವಿವರಿಸಿದ. ಅದೇ ಇಂದಿನ ಜೀಬ್ರಾ ಮೀನು.

ಅಕ್ವೇರಿಯಂನಲ್ಲಿದ್ದ ಈ ಮೀನನ್ನು ಪ್ರಯೋಗಾಲಯಕ್ಕೆ ತಂದು ನೆಲೆಗೊಳಿಸಿದವರು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ವೈರಸ್‌ಗಳ ತಳಿಶಾಸ್ತ್ರದಲ್ಲಿ ಪಳಗಿದ್ದ ಅವರಿಗೆ ಬೆನ್ನೆಲುಬಿರುವ ಪ್ರಾಣಿಯ ನರಮಂಡಲ ಹೇಗೆ ರೂಪುಗೊಳ್ಳುತ್ತದೆಂದು ತಿಳಿಯಬೇಕಿತ್ತು. ಈ ಮೀನಿನ ಮೊಟ್ಟೆ ತಾಯಿಯ ದೇಹದ ಹೊರಗೇ ಬೆಳೆಯುತ್ತದೆ. ಮರಿಯೂ ಪಾರದರ್ಶಕ. 1981ರಲ್ಲಿ ಅವರ ತಂಡ ಜೀಬ್ರಾ ಮೀನಿನ ತದ್ರೂಪಿಗಳನ್ನು ಪಡೆದ ವರದಿ ಪ್ರಕಟಿಸಿತು.

ಮರಿಯ ಈ ಪಾರದರ್ಶಕತೆಯಿಂದ ನರಕೋಶಗಳ ಕೆಲಸವನ್ನೂ ನೋಡಬಹುದು. ನರಕೋಶ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂ ತಗುಲಿದರೆ ಹೊಳೆಯುವ ಬಣ್ಣವನ್ನು ಮರಿಗಳಿಗೆ ಚುಚ್ಚಿ, ಜೋಸೆಫ್ ಫೆಚೊ ಮತ್ತು ಡೊನಾಲ್ಡ್ ಒ'ಮ್ಯಾಲಿ 1995ರಲ್ಲಿ ಜೀವಂತ ಮೀನಿನ ನರಕೋಶಗಳು ಮಿನುಗುವುದನ್ನು ಕಂಡರು. 2001ರಲ್ಲಿ ಜಪಾನಿನ ಜುನಿಚಿ ನಕಾಯಿ ತಂಡ ಇದೇ ಕೆಲಸ ಮಾಡುವ ಪ್ರೋಟೀನನ್ನು ರೂಪಿಸಿತು. ಅದರ ಜೀನನ್ನು ಸೇರಿಸಿದರೆ ಮೀನಿನ ಕೋಶಗಳೇ ಅದನ್ನು ತಯಾರಿಸಿಕೊಳ್ಳುತ್ತವೆ, ಬಣ್ಣ ಚುಚ್ಚಬೇಕಿಲ್ಲ. 2013ರಲ್ಲಿ ಮಿಶಾ ಆರೆನ್ಸ್ ಮತ್ತು ಫಿಲಿಪ್ ಕೆಲ್ಲರ್, ತೆಳುವಾದ ಬೆಳಕಿನ ಹಾಳೆ ಹಾಯಿಸುವ ಸೂಕ್ಷ್ಮದರ್ಶಕದಿಂದ, ಮರಿಮೀನಿನ ಸುಮಾರು ಒಂದು ಲಕ್ಷ ನರಕೋಶಗಳ ಇಡೀ ಮಿದುಳನ್ನು 1.3 ಸೆಕೆಂಡಿಗೊಮ್ಮೆ ಚಿತ್ರಿಸಿದರು. ಶೇ 80ಕ್ಕಿಂತ ಹೆಚ್ಚು ಕೋಶಗಳನ್ನು ಒಂದೊಂದಾಗಿ ಗುರುತಿಸಲು ಸಾಧ್ಯವಾಯಿತು.

ಆದರೆ ನರಸಂಕೇತ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ಕ್ಯಾಲ್ಸಿಯಂ ಹೊಳಪು ಅಷ್ಟು ಚುರುಕಲ್ಲ. ಯಾವ ಕೋಶ ಯಾವುದಕ್ಕೆ ಏನು ಹೇಳಿತೆಂದು ತಿಳಿಯಲು ಒಂಟಿ ಕೋಶಕ್ಕೆ ಸೂಕ್ಷ್ಮ ಎಲೆಕ್ಟ್ರೋಡ್ ತಾಗಿಸುವ ಹಳೆಯ ವಿದ್ಯೆ ಇನ್ನೂ ಬೇಕು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವತ್ಸಲಾ ತಿರುಮಲೈ ಅವರ ತಂಡ ಈ ಎರಡೂ ವಿಧಾನಗಳನ್ನು ಬಳಸುತ್ತದೆ. ನರಕೋಶಗಳು ರಾಸಾಯನಿಕಗಳ ಮೂಲಕವೂ, ನೇರ ವಿದ್ಯುತ್ ಸಂಪರ್ಕದ ಮೂಲಕವೂ ಸಂವಹಿಸುತ್ತವೆ. ಈ ವಿದ್ಯುತ್ ಸಂಪರ್ಕಕ್ಕೆ ಬೇಕಾದ ಒಂದು ಪ್ರೋಟೀನಿಲ್ಲದ ಮರಿಗಳಲ್ಲಿ, ಅನುಮಸ್ತಿಷ್ಕದ ಪರ್ಕಿಂಜಿ ಎಂಬ ನರಕೋಶಗಳಿಗೆ ರಾಸಾಯನಿಕ ಸಂಪರ್ಕಗಳು ಕಡಿಮೆಯಾಗಿ, ಅವುಗಳ ಕವಲುಗಳೂ ಸೊರಗಿದ್ದನ್ನು ತಂಡ ಕಂಡುಕೊಂಡಿತು. ಅಂದರೆ ಒಂದು ಬಗೆಯ ಸಂವಹನ ಇನ್ನೊಂದು ಬೆಳೆಯಲು ನೆರವಾಗುತ್ತದೆ.

ಇಡೀ ಮಿದುಳನ್ನು ನೋಡುವ ಉಪಕರಣ ಎಷ್ಟೇ ಸುಧಾರಿಸಲಿ, ಒಂದು ಕೋಶದ ಬಳಿ ಕೂತು ಕಿವಿಗೊಡುವ ತಾಳ್ಮೆಗೆ ಅದು ಬದಲಿಯಲ್ಲ.