ಎಣಿಸುವ ಪದ, ಅಳೆಯುವ ಪದ: ಇಂಗ್ಲಿಷಿನ ಒಂದು ತೊಡಕು



ನಮ್ಮ ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳು ನೌಕರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ 'ಇನ್‌ಫರ್ಮೇಶನ್ಸ್', 'ಫರ್ನಿಚರ್ಸ್', 'ಇಕ್ವಿಪ್‌ಮೆಂಟ್ಸ್' ಎಂದು ಬರೆಯುವುದುಂಟು. ಕಂಡವರು "ಕನ್ನಡ ಮಾಧ್ಯಮ ಅಲ್ಲವೇ, ಅದಕ್ಕೇ ಹೀಗೆ" ಎಂದುಬಿಡುತ್ತಾರೆ. ಮಕ್ಕಳೂ ಅದನ್ನೇ ನಂಬುತ್ತಾರೆ. ಆದರೆ ಇಂಗ್ಲಿಷ್ ಮಾಧ್ಯಮದವರೂ ಇದೇ ತಪ್ಪು ಮಾಡುತ್ತಾರೆ. ಇದನ್ನು ತಿದ್ದಿಕೊಳ್ಳುವ ಕೀಲಿಕೈ ನಮ್ಮ ಕನ್ನಡದಲ್ಲೇ ಇದೆ ಎಂಬುದನ್ನು ತಿಳಿಸಲು ಈ ಲೇಖನ.

ಅಡುಗೆಮನೆಯಿಂದ ಶುರುಮಾಡೋಣ. ರೊಟ್ಟಿಯನ್ನು ಎಣಿಸುತ್ತೇವೆ, ಹಿಟ್ಟನ್ನು ಅಳೆಯುತ್ತೇವೆ. 'ನಾಲ್ಕು ರೊಟ್ಟಿ' ಸರಿ, 'ನಾಲ್ಕು ಹಿಟ್ಟು' ಎಂದು ಯಾರೂ ಹೇಳುವುದಿಲ್ಲ. 'ನಾಲ್ಕು ಬಟ್ಟಲು ಹಿಟ್ಟು' ಎನ್ನುತ್ತೇವೆ. ಹಾಗೆಯೇ 'ಕೆಲವು ರೊಟ್ಟಿ', ಆದರೆ 'ಸ್ವಲ್ಪ ಹಿಟ್ಟು'. ಇಂಗ್ಲಿಷಿನ 'ಎ ಫ್ಯೂ' ಮತ್ತು 'ಎ ಲಿಟ್ಲ್' ನಡುವಿನ ಭೇದವೂ ಇಷ್ಟೇ. ಅಂದರೆ ನಿಯಮ ನಮಗೆ ಹೊಸದಲ್ಲ.

ತೊಡಕು ಬರುವುದು ಎರಡು ಕಡೆ. ಮೊದಲನೆಯದು, ಕನ್ನಡದಲ್ಲಿ 'ಎಷ್ಟು' ಎಂಬ ಒಂದೇ ಮಾತು ರೊಟ್ಟಿಗೂ ನಡೆಯುತ್ತದೆ, ಹಿಟ್ಟಿಗೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಎಣಿಸುವುದಕ್ಕೆ 'ಹೌ ಮೆನಿ', ಅಳೆಯುವುದಕ್ಕೆ 'ಹೌ ಮಚ್'. ಎರಡನೆಯದು, ನಾವು ಎಣಿಸುವ ಕೆಲವನ್ನು ಇಂಗ್ಲಿಷರು ಹಿಟ್ಟಿನ ಸಾಲಿಗೆ ಸೇರಿಸಿದ್ದಾರೆ. ನಾವು 'ಎರಡು ಸಲಹೆ', 'ಮೂರು ಸುದ್ದಿ' ಎನ್ನುತ್ತೇವೆ. ಅವರಿಗೆ 'ಅಡ್ವೈಸ್', 'ನ್ಯೂಸ್' ಎಣಿಕೆಗೆ ಸಿಗುವುದಿಲ್ಲ. ರೊಟ್ಟಿಯ ಜಾತಿಯದೇ ಆದ 'ಬ್ರೆಡ್' ಕೂಡ ಎಣಿಕೆಗಿಲ್ಲ. ಅದರ ತುಂಡನ್ನು 'ಸ್ಲೈಸ್' ಎಂದು ಎಣಿಸಬೇಕು. ಕುರ್ಚಿ, ಮೇಜು ಎಣಿಸಬಹುದು, 'ಫರ್ನಿಚರ್' ಎಣಿಸುವಂತಿಲ್ಲ. 'ರುಪೀಸ್' ಎಣಿಸಬಹುದು, 'ಮನಿ' ಎಣಿಸುವಂತಿಲ್ಲ.

ಇದಕ್ಕೆ ವಸ್ತುವಿನ ಗುಣ ಕಾರಣವಲ್ಲ, ಆಯಾ ಭಾಷೆಯ ರೂಢಿ ಕಾರಣ. ತಲೆಗೂದಲನ್ನೇ ನೋಡಿ. ಕನ್ನಡದಲ್ಲಿ 'ಕೂದಲು ಉದುರುತ್ತದೆ' ಎಂದು ಏಕವಚನ, ನೆರೆಯ ಮರಾಠಿಯಲ್ಲಿ 'ಕೇಸ' ಬಹುವಚನ, ಇಂಗ್ಲಿಷಿನಲ್ಲಿ 'ಹೇರ್' ಮತ್ತೆ ಏಕವಚನ. ಫ್ರೆಂಚರು ಮಾಹಿತಿಯನ್ನೂ ಪೀಠೋಪಕರಣವನ್ನೂ ಸಲೀಸಾಗಿ ಎಣಿಸುತ್ತಾರೆ. ಇಂಗ್ಲಿಷಿನೊಳಗೂ ರೂಢಿ ಬದಲಾಗಿದೆ. ಬಟಾಣಿಗೆ ಹಿಂದೆ 'ಪೀಸ್' ಎಂಬ ಪದವಿತ್ತು, ಗೋಧಿಯಂತೆ ಅಳೆಯುವ ಪದ. ಕೊನೆಯ 'ಸ್' ಬಹುವಚನದ್ದೆಂದು ಜನ ಭಾವಿಸಿ, ಅದನ್ನು ಕಳಚಿ, 'ಪೀ' ಎಂಬ ಏಕವಚನ ಹುಟ್ಟಿಸಿದರು. ಇಂದು ಅದೇ ಶುದ್ಧ ಪದ. ಹೀಗಿರುವಾಗ 'ಇನ್‌ಫರ್ಮೇಶನ್ಸ್' ಎಂದ ಮಗುವನ್ನು ದಡ್ಡನೆನ್ನುವುದು ನ್ಯಾಯವಲ್ಲ.

ಆದರೂ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ರೂಢಿಯಂತೆಯೇ ಬರೆಯಬೇಕಲ್ಲ. ಅದಕ್ಕೆ ಇಷ್ಟು ನೆನಪಿಟ್ಟರೆ ಸಾಕು.

1. ಅಳೆಯುವ ಪದಕ್ಕೆ ಮುಂದೆ 'ಎ' ಅಥವಾ 'ಆ್ಯನ್' ಬೇಡ, ಹಿಂದೆ 'ಸ್' ಬೇಡ.

2. ಅದರೊಡನೆ ಕ್ರಿಯಾಪದ ಏಕವಚನದಲ್ಲಿರಲಿ: 'ದ ಫರ್ನಿಚರ್ ಈಸ್ ನ್ಯೂ'. 'ನ್ಯೂಸ್' ಕೊನೆಗೆ 'ಸ್' ಇದ್ದರೂ 'ಈಸ್' ಎಂದೇ ಬರೆಯಬೇಕು.

3. ಎಣಿಸಲೇಬೇಕಾದರೆ ಬಟ್ಟಲು ಕೊಡಿ: 'ಟೂ ಪೀಸಸ್ ಆಫ್ ಅಡ್ವೈಸ್', 'ಥ್ರೀ ಪೀಸಸ್ ಆಫ್ ಲಗೇಜ್'. ಕನ್ನಡ ಮಾತಾಡುವಾಗ 'ಮೂರು ಲಗೇಜ್' ಎಂದರೆ ತಪ್ಪೇನಿಲ್ಲ. ಕನ್ನಡಕ್ಕೆ ಬಂದ ಪದ ಕನ್ನಡದಂತೆ ನಡೆಯುತ್ತದೆ.

4. ಕೆಲವು ಪದಗಳಿಗೆ ಎರಡು ಬಾಳು. 'ಪೇಪರ್' ಎಂದರೆ ಬರಿಯ ಕಾಗದವಾದಾಗ ಅಳತೆ. ದಿನಪತ್ರಿಕೆ ಅಥವಾ ಪ್ರಶ್ನೆಪತ್ರಿಕೆಯಾದಾಗ ಎಣಿಕೆ. 'ಎಕ್ಸ್‌ಪೀರಿಯನ್ಸ್' ನೌಕರಿಯ ಅನುಭವವಾದರೆ ಅಳತೆ, ಬದುಕಿನ ಒಂದೊಂದು ಘಟನೆಯಾದರೆ ಎಣಿಕೆ. ಬಿಲ್ಲಿನ ಬಗ್ಗೆ ಕಚೇರಿಗೆ ಬರುವ 'ಅಡ್ವೈಸ್' ಚೀಟಿಯನ್ನೂ ಎಣಿಸಬಹುದು. ಬಾಯಿಮಾತಿನ ಸಲಹೆಯನ್ನು ಮಾತ್ರ ಎಣಿಸುವಂತಿಲ್ಲ.

ಗುಮಾಸ್ತನಾಗಿ ನಿವೃತ್ತನಾದ ನನಗೆ ತೋಚುವ ಉಪಾಯ, ರಜಿಸ್ಟರ್ ಇಡುವುದು. ಮಕ್ಕಳು ಒಂದು ಹಳೆಯ ವಹಿಯಲ್ಲಿ ಎರಡು ಕಾಲಂ ಹಾಕಲಿ, ಎಡಕ್ಕೆ 'ರೊಟ್ಟಿ', ಬಲಕ್ಕೆ 'ಹಿಟ್ಟು'. ಹೊಸ ಇಂಗ್ಲಿಷ್ ಪದ ಸಿಕ್ಕಾಗ ಯಾವ ಕಾಲಮ್ಮಿಗೆ ಸೇರುತ್ತದೆಂದು ನಿಘಂಟು ನೋಡಿ ದಾಖಲಿಸಲಿ. ಎರಡು ಬಾಳಿನ ಪದವಾದರೆ ಅರ್ಥ ಬರೆದು ಎರಡೂ ಕಡೆ ಬರೆಯಲಿ. ದಿನಬಳಕೆಯಲ್ಲಿ ತೊಂದರೆ ಕೊಡುವ ಪದಗಳು ಒಂದೆರಡು ಪುಟದಲ್ಲಿ ಮುಗಿಯುತ್ತವೆ.

ಪಾಲಕರಲ್ಲಿ ಒಂದು ವಿನಂತಿ. ಒಂದೆರಡು ಪುಟದ ಈ ಕಲಿಕೆಗಾಗಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಬೇಡಿ. ರೊಟ್ಟಿ ಹಿಟ್ಟುಗಳ ಭೇದ ತಾಯಿನುಡಿಯಲ್ಲಿ ಬಲ್ಲ ಮಗುವಿಗೆ ಇದು ಕಷ್ಟವಾಗಲಾರದು.

— ಕಾರ್ಯದರ್ಶಿ