ಕವಾಟದ ಸಂದು

ವಾಲ್ವ್ ಎಂಬ ಮಾತು ಕಿವಿಗೆ ಬಿದ್ದೊಡನೆ, ಹಳೆಯ ರೇಡಿಯೋ ಪೆಟ್ಟಿಗೆಗಳನ್ನು ಬಲ್ಲವರಿಗೆ ಅದರೊಳಗೆ ಕೆಂಪಗೆ ಮಿನುಗುತ್ತಿದ್ದ ಗಾಜಿನ ಬುರುಡೆಗಳು ನೆನಪಾಗುತ್ತವೆ. ಇಲ್ಲಿ ಹೇಳಹೊರಟಿರುವುದು ಆ ವಾಲ್ವಿನ ಸಂಗತಿಯನ್ನಲ್ಲ. ಮೋಟಾರು ಕಾರಿನ ಇಂಜಿನ್ನಿನಲ್ಲಿ ಅನಿಲಕ್ಕೆ ದಾರಿ ತೆರೆದು ಮುಚ್ಚುವ ವಾಲ್ವಿನ ಸಂಗತಿಯನ್ನು. ಸಂಸ್ಕೃತದಲ್ಲಿ ಕವಾಟವೆಂದರೆ ಬಾಗಿಲು. ಹೃದಯದ ವಾಲ್ವಿಗೆ ನಮ್ಮವರು ಇದೇ ಹೆಸರನ್ನಿಟ್ಟಿದ್ದಾರೆ. ಇಂಜಿನ್ನಿನ ವಾಲ್ವಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಬಾಗಿಲು ಪೂರ್ತಿಯಾಗಿ ಮುಚ್ಚಬೇಕಾದರೆ ಹಿಂದಿನಿಂದ ಅದನ್ನು ಯಾರೂ ತಳ್ಳಿ ಹಿಡಿದಿರಬಾರದು. ಹೇಳಬೇಕಾದ ಮಾತಿನ ತಿರುಳು ಇಷ್ಟೆ.

ಉದಾಹರಣೆಗೆ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರನ್ನು ತೆಗೆದುಕೊಳ್ಳೋಣ. ಫರ್ಡಿನಾಂಡ್ ಪೋರ್ಷೆ ಎಂಬ ಇಂಜಿನಿಯರು 1930ರ ದಶಕದಲ್ಲಿ ಇದನ್ನು ರೂಪಿಸಿದರು. ಮಹಾಯುದ್ಧ ಮುಗಿದ 1945ರಿಂದ ವುಲ್ಫ್ಸ್‌ಬರ್ಗ್ ಪಟ್ಟಣದ ಕಾರ್ಖಾನೆಯಲ್ಲಿ ಇದರ ನಿರ್ಮಾಣ ಭರದಿಂದ ಸಾಗಿತು. ಕಟ್ಟಕಡೆಯ ಕಾರು ಮೆಕ್ಸಿಕೋ ದೇಶದ ಪುಯೆಬ್ಲಾದಲ್ಲಿ ಹೊರಬಂದದ್ದು 2003ರಲ್ಲಿ. ಅಷ್ಟು ಹೊತ್ತಿಗೆ ತಯಾರಾದ ಕಾರುಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರಿತ್ತು. ಈ ಕಾರಿನ ಇಂಜಿನ್ನು ಹಿಂಭಾಗದಲ್ಲಿದೆ. ನಾಲ್ಕು ಸಿಲಿಂಡರುಗಳು ಎಡಕ್ಕೆರಡು, ಬಲಕ್ಕೆರಡರಂತೆ ಮಲಗಿವೆ. ತಣಿಸುವುದಕ್ಕೆ ನೀರಿಲ್ಲ, ರೇಡಿಯೇಟರಿಲ್ಲ. ಒಂದು ಫ್ಯಾನು ಬೀಸುವ ಗಾಳಿಯೇ ಅದಕ್ಕೆ ಗತಿ. ಇಂದಿಗೂ ಅನೇಕ ದೇಶಗಳಲ್ಲಿ ಹವ್ಯಾಸಿಗಳು ಈ ಇಂಜಿನ್ನನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿ ಓಡಿಸುತ್ತಾರೆ.

ಪ್ರತಿಯೊಂದು ಸಿಲಿಂಡರಿಗೂ ಎರಡು ಕವಾಟಗಳುಂಟು. ಒಂದು, ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒಳಗೆ ಬಿಡುವುದು. ಇನ್ನೊಂದು, ಉರಿದ ಹೊಗೆಯನ್ನು ಹೊರಗೆ ಬಿಡುವುದು. ಸ್ಪ್ರಿಂಗು ಇವನ್ನು ಸದಾ ಮುಚ್ಚಿರುತ್ತದೆ. ತೆರೆಯುವ ಕೆಲಸ ಕ್ಯಾಮ್ ಶಾಫ್ಟಿನದು. ಅದರ ಉಬ್ಬು ಪುಷ್ ರಾಡ್ ಎಂಬ ಕಡ್ಡಿಯನ್ನು ತಳ್ಳುತ್ತದೆ; ಕಡ್ಡಿಯು ರಾಕರ್ ಎಂಬ ಸನ್ನೆಗೋಲಿನ ಒಂದು ತುದಿಯನ್ನು ಒತ್ತುತ್ತದೆ; ರಾಕರಿನ ಇನ್ನೊಂದು ತುದಿಯು ಕವಾಟದ ಕಾಂಡವನ್ನು ಒತ್ತಿ ತೆರೆಯುತ್ತದೆ. ಇಂಜಿನ್ನು ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಒಂದೊಂದು ಕವಾಟವೂ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚಬೇಕು. ಕವಾಟ ಮುಚ್ಚಿರುವಾಗ ಅದರ ಕಾಂಡಕ್ಕೂ ರಾಕರಿಗೂ ನಡುವೆ ಬಿಡುವ ಕಿರಿದಾದ ಎಡೆಯೇ ಕವಾಟದ ಸಂದು. ಅದನ್ನು ಸರಿಪಡಿಸುವುದಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಎನ್ನುತ್ತಾರೆ.

ಈ ಸಂದು ಏಕೆ ಬೇಕು? ಕಾಯಿಸಿದರೆ ಲೋಹ ಹಿಗ್ಗುತ್ತದೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಜಿನ್ನು ಬಿಸಿಯಾದಾಗ ಸಿಲಿಂಡರು, ಅದರ ತಲೆ, ಪುಷ್ ರಾಡು, ಕವಾಟದ ಕಾಂಡ ಎಲ್ಲವೂ ಹಿಗ್ಗುತ್ತವೆ; ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಅಲ್ಲ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಮೆ ಎರಡರಷ್ಟು ಹಿಗ್ಗುತ್ತದೆ. ಬೀಟಲಿನಲ್ಲಿ ಪುಷ್ ರಾಡನ್ನು ಅಲ್ಯೂಮಿನಿಯಂನಿಂದ ಮಾಡಿರುವುದು, ಇಂಜಿನ್ನಿನ ಹಿಗ್ಗುವಿಕೆಯೊಡನೆ ಅದೂ ಹೊಂದಿಕೊಂಡು ಹೋಗಲೆಂದೇ. ಯಾರಾದರೂ ಅದನ್ನು ತೆಗೆದು ಉಕ್ಕಿನ ಕಡ್ಡಿ ಹಾಕಿದ್ದರೆ ಕಾರ್ಖಾನೆಯ ಅಳತೆ ಅದಕ್ಕೆ ಸಲ್ಲದು.

ಸಂದು ಅಗತ್ಯಕ್ಕಿಂತ ದೊಡ್ಡದಾದರೆ ಕವಾಟ ತಡವಾಗಿ ತೆರೆದು ಬೇಗನೆ ಮುಚ್ಚುತ್ತದೆ. ಇಂಜಿನ್ನಿನ ಶಕ್ತಿ ಕುಂದುತ್ತದೆ. ರಾಕರು ಕಾಂಡವನ್ನು ಬಡಿದು ಟಕಟಕ ಸದ್ದು ಮಾಡುತ್ತದೆ. ಇದು ನಷ್ಟವೇ ಸರಿ. ಆದರೆ ಸಂದು ಇಲ್ಲವಾದರೆ ಒದಗುವುದು ವಿಪತ್ತು. ಆಗ ಕವಾಟ ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ಹೊಗೆ ಬಿಡುವ ಕವಾಟ ಬೆಂಕಿಯ ನಡುವೆ ಇರತಕ್ಕದ್ದು. ಮುಚ್ಚಿ ಪೀಠಕ್ಕೆ ಅಂಟಿಕೊಂಡಿರುವ ಕ್ಷಣಗಳಲ್ಲಿಯೇ ಅದು ತನ್ನ ಬಿಸಿಯ ಬಹುಭಾಗವನ್ನು ಲೋಹಕ್ಕೆ ದಾಟಿಸಿ ತಣಿಯಬೇಕು. ಆ ಬಿಡುವು ತಪ್ಪಿದರೆ ಅಂಚು ಸುಟ್ಟುಹೋಗುತ್ತದೆ, ಕಾಂಡ ಜಗ್ಗಿ ಉದ್ದವಾಗುತ್ತದೆ. ಕಡೆಗೊಂದು ದಿನ ಕವಾಟದ ತಲೆ ಮುರಿದು ಸಿಲಿಂಡರಿನೊಳಗೆ ಬಿದ್ದರೆ ಪಿಸ್ಟನ್ನು ಚೂರಾಗುತ್ತದೆ. ತಿಂಗಳುಗಟ್ಟಲೆ ಕಟ್ಟಿದ ಇಂಜಿನ್ನು ಹೆದ್ದಾರಿಯಲ್ಲಿ ಅರೆಗಳಿಗೆಯಲ್ಲಿ ಹಾಳು.

ಇಲ್ಲಿಯೇ ಒಂದು ವಿಚಿತ್ರ. ಸಡಿಲವಾದ ಕವಾಟ ಕೂಗಿ ಹೇಳುತ್ತದೆ. ಬಿಗಿಯಾದ ಕವಾಟ ಸುಮ್ಮನಿರುತ್ತದೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಮನುಷ್ಯರಿಗೆ ಒಪ್ಪಬಹುದು, ಇಂಜಿನ್ನಿಗೆ ಒಪ್ಪದು. ಸದ್ದು ಅಡಗಲೆಂದು ಸಂದನ್ನು ಕಿರಿದು ಮಾಡುವವರು ಎಚ್ಚರಿಕೆಯ ಗಂಟೆಯನ್ನೇ ಬಿಚ್ಚಿಟ್ಟಂತೆ. ಅದರಲ್ಲಿಯೂ ಮೂರನೆಯ ಸಿಲಿಂಡರಿನ ಹೊಗೆಕವಾಟದ ವಿಷಯದಲ್ಲಿ ಹೆಚ್ಚಿನ ಜಾಗ್ರತೆ ಬೇಕು. ಹಳೆಯ ಇಂಜಿನ್ನುಗಳಲ್ಲಿ ಎಣ್ಣೆ ತಣಿಸುವ ಕೂಲರು ಆ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡವಾಗಿ ನಿಂತಿತ್ತು. 1970ರ ಸುಮಾರಿಗೆ ಅದನ್ನು ಬೇರೆ ಕಡೆಗೆ ಸರಿಸಿದರು.

ಇನ್ನು ಅಳವಡಿಸುವ ಕ್ರಮ. ಇಂಜಿನ್ನು ತಣ್ಣಗಿರಬೇಕು; ರಾತ್ರಿಯೆಲ್ಲ ನಿಂತಿದ್ದರೆ ಉತ್ತಮ. ಹೊಸದಾಗಿ ಕಟ್ಟಿದ ಇಂಜಿನ್ನಾದರೆ ಸಿಲಿಂಡರ್ ತಲೆಯ ನಟ್ಟುಗಳನ್ನೆಲ್ಲ ಮೊದಲೇ ನಿಗದಿಯಾದ ಬಿಗಿತಕ್ಕೆ ತಂದಿರಬೇಕು. ಆಮೇಲೆ ಬಿಗಿದರೆ ಸಂದು ಬದಲಾಗುತ್ತದೆ. ಕಾರಿನ ಹಿಂದೆ ನಿಂತು ನೋಡಿದರೆ ಬಲಗಡೆ ಕಾರಿನ ಮುಂಭಾಗಕ್ಕೆ ಹತ್ತಿರವಿರುವುದು ಒಂದನೆಯ ಸಿಲಿಂಡರು, ನಮಗೆ ಹತ್ತಿರವಿರುವುದು ಎರಡನೆಯದು. ಎಡಗಡೆ ಅದೇ ರೀತಿಯಲ್ಲಿ ಮೂರು, ನಾಲ್ಕು. ಪ್ರತಿ ಬದಿಯಲ್ಲಿಯೂ ಎರಡು ತುದಿಯವು ಹೊಗೆಕವಾಟಗಳು, ನಡುವಿನವೆರಡು ಒಳಬಿಡುವ ಕವಾಟಗಳು.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಅದರ ರೋಟರು ಅಂಚಿನ ಗೀರಿಗೆ ನೇರವಾಗುವಂತೆಯೂ, ಕೆಳಗಿನ ದೊಡ್ಡ ಪುಲ್ಲಿಯ ಗುರುತು ಇಂಜಿನ್ ಗೂಡಿನ ನಡುಸೀಳಿಗೆ ಸರಿಯಾಗುವಂತೆಯೂ ಇಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಈಗ ಒಂದನೆಯ ಸಿಲಿಂಡರಿನ ಎರಡು ಕವಾಟಗಳೂ ಮುಚ್ಚಿವೆ. ಬಹುಪಾಲು ಬೀಟಲ್ ಇಂಜಿನ್ನುಗಳಿಗೆ ಅಳತೆ 0.15 ಮಿಲಿಮೀಟರ್, ಅಂದರೆ ನಾವು ಬರೆಯುವ ಕಾಗದಕ್ಕಿಂತ ಸ್ವಲ್ಪ ದಪ್ಪ. ಹಿಂದಿನ ಕೆಲವು ಇಂಜಿನ್ನುಗಳ ಅಳತೆ ಬೇರೆಯಾದ್ದರಿಂದ ಆಯಾ ಇಂಜಿನ್ನಿನ ಕೈಪಿಡಿಯನ್ನೇ ನೋಡಬೇಕು. ಫೀಲರ್ ಗೇಜಿನಲ್ಲಿ ಆ ದಪ್ಪದ ಉಕ್ಕಿನ ಎಲೆಯನ್ನು ಆರಿಸಿ ಸಂದಿನಲ್ಲಿ ತೂರಿಸಿರಿ. ಅದು ಸಿಕ್ಕಿಕೊಳ್ಳದೆ, ಜಾರಿಯೂ ಹೋಗದೆ, ಬೆಣ್ಣೆ ಸವರಿದ ಹಾಗೆ ತುಸು ಹಿಡಿದು ಸರಿಯಬೇಕು. ಹಾಗಿಲ್ಲದಿದ್ದರೆ ಲಾಕ್ ನಟ್ಟನ್ನು ಸಡಿಲಿಸಿ ಸ್ಕ್ರೂವನ್ನು ತಿರುಗಿಸಿ ಸರಿಪಡಿಸಿರಿ. ನಟ್ಟನ್ನು ಮತ್ತೆ ಬಿಗಿಯುವಾಗ ಸ್ಕ್ರೂ ತಾನೂ ಕದಲುವ ಸ್ವಭಾವದ್ದು. ಆದಕಾರಣ ಅದನ್ನು ಸ್ಕ್ರೂ ಡ್ರೈವರಿನಿಂದ ಹಿಡಿದೇ ಬಿಗಿದು, ಎಲೆಯನ್ನು ಇನ್ನೊಮ್ಮೆ ತೂರಿಸಿ ನೋಡಿರಿ.

ಇಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ 1, 4, 3, 2. ಆದ್ದರಿಂದ ಪುಲ್ಲಿಯನ್ನು ಹಿಮ್ಮುಖವಾಗಿ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಅರ್ಧರ್ಧ ಸುತ್ತು ತಿರುಗಿಸುತ್ತ ಹೋದರೆ ಎರಡು, ಮೂರು, ನಾಲ್ಕನೆಯ ಸಿಲಿಂಡರುಗಳು ಸಾಲಾಗಿ ಸಿಕ್ಕುತ್ತವೆ. ಲೆಕ್ಕ ತಪ್ಪುವ ಭಯವಿಲ್ಲ.

ಹೊಸದಾಗಿ ಕಟ್ಟಿದ ಇಂಜಿನ್ನಿನ ಭಾಗಗಳು ಓಡುತ್ತ ಓಡುತ್ತ ಕುಳಿತುಕೊಳ್ಳುವುದರಿಂದ ಸುಮಾರು 500 ಕಿಲೋಮೀಟರಾದ ಮೇಲೆ ಸಂದುಗಳನ್ನು ಮತ್ತೆ ಅಳೆಯಬೇಕು. ಅಳೆದಾಗಲೆಲ್ಲ, ತಿದ್ದುವ ಮೊದಲೇ, ಎಂಟು ಅಳತೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವುದಾದರೂ ಒಂದು ಹೊಗೆಕವಾಟದ ಸಂದು ಸಲಸಲಕ್ಕೂ ಕಿರಿದಾಗುತ್ತ ಬಂದಿದ್ದರೆ ಅದರ ಕಾಂಡ ಜಗ್ಗುತ್ತಿದೆ, ಇಲ್ಲವೆ ಪೀಠ ಕುಸಿಯುತ್ತಿದೆ. ಅಂಥದಕ್ಕೆ ಸ್ಕ್ರೂ ತಿರುಗಿಸುವುದು ಮದ್ದಲ್ಲ. ಕಾರನ್ನು ನಿಲ್ಲಿಸಿ ಸಿಲಿಂಡರ್ ತಲೆಯನ್ನು ಬಿಚ್ಚಿಸಿರಿ. ಒಂದು ಕವಾಟದ ಬೆಲೆಯಲ್ಲಿ ಇಂಜಿನ್ನು ಉಳಿಯುತ್ತದೆ.