ಒಕ್ಕಲುಮನೆಯ ಕಾರ್ಯಾಗಾರಕ್ಕೆ ತಕ್ಕ ಬೈರಿಗೆ ಯಂತ್ರ

ಮುಂಗಾರಿನ ಹದವು ಬಹಳ ದಿವಸ ನಿಲ್ಲುವುದಿಲ್ಲವೆಂಬುದು ಒಕ್ಕಲುತನ ಮಾಡುವವರೆಲ್ಲರಿಗೂ ವಿದಿತವಾದ ಸಂಗತಿಯು. ಅಂಥ ಸಮಯದಲ್ಲಿ ಕಲ್ಟಿವೇಟರಿನ ಚೌಕಟ್ಟಿನ ಬೋಲ್ಟು ಕಡಿದು ಅದರ ತೂತು ಸವೆದು ಅಗಲವಾದರೆ, ಹೊಸದೊಂದು ತೂತಿಗೋಸ್ಕರ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಅಲ್ಲಿ ಸರದಿ ಕಾದು ಹಿಂದಿರುಗುವಷ್ಟರಲ್ಲಿ ನೆಲವು ಆರಿಹೋಗುತ್ತದೆ. ಆದಕಾರಣ ಟ್ರಾಕ್ಟರನ್ನಿಟ್ಟಿರುವ ಭೂಮಾಲೀಕರು ಮನೆಯಲ್ಲಿಯೇ ಒಂದು ಬೈರಿಗೆ ಯಂತ್ರವನ್ನು, ಅಂದರೆ ಕಂಬಕ್ಕೆ ಕೂಡಿಸಿದ ಡ್ರಿಲ್ಲಿಂಗ್ ಮೆಷಿನನ್ನು, ಇಟ್ಟುಕೊಳ್ಳಲು ಅಪೇಕ್ಷಿಸುವುದು ಯುಕ್ತವೇ ಸರಿ. ಆದರೆ ಮೋಟಾರಿನ ಅಶ್ವಶಕ್ತಿಯನ್ನೂ ಹೊರಗಿನ ಬಣ್ಣವನ್ನೂ ನೋಡಿ, ವೇಗವನ್ನು ಮಾತ್ರ ವಿಚಾರಿಸದೆ ಕೊಂಡುತರುವವರುಂಟು.

ಸಾಮಾನ್ಯವಾದ ಮೆದು ಉಕ್ಕನ್ನು ಹೈಸ್ಪೀಡ್ ಸ್ಟೀಲಿನ ಬಿಟ್ಟಿನಿಂದ ಕೊರೆಯುವಾಗ ಅದರ ಹೊರ ಅಂಚು ನಿಮಿಷಕ್ಕೆ ಸುಮಾರು 25 ಮೀಟರು ಸಾಗಬೇಕು. ಈ ಲೆಕ್ಕದಂತೆ 6 ಮಿ.ಮೀ. ಬಿಟ್ಟಿಗೆ ನಿಮಿಷಕ್ಕೆ ಸುಮಾರು 1,300 ಸುತ್ತುಗಳೂ, 12 ಮಿ.ಮೀ. ಬಿಟ್ಟಿಗೆ 650 ಸುತ್ತುಗಳೂ, 16 ಮಿ.ಮೀ. ಬಿಟ್ಟಿಗೆ 500 ಸುತ್ತುಗಳೂ ತಕ್ಕವು. 1,400 ಸುತ್ತುಗಳಿಗಿಂತ ಕೆಳಗಿಳಿಯದ ಯಂತ್ರದಲ್ಲಿ 12 ಮಿ.ಮೀ. ಬಿಟ್ಟನ್ನು ಒತ್ತಿದರೆ ಅದು ಕಾದು ನೀಲಿಗಟ್ಟಿ ಮೊಂಡಾಗುತ್ತದೆ. ಬಳಿಕ ಎಷ್ಟು ಒತ್ತಿದರೂ ಕಬ್ಬಿಣವನ್ನು ಉಜ್ಜುವುದೇ ಹೊರತು ಕೊರೆಯುವುದಿಲ್ಲ. ಅಶ್ವಶಕ್ತಿಯು ಹೆಚ್ಚಾದಷ್ಟೂ ಬಿಟ್ಟು ಬೇಗ ಸುಡುವುದಷ್ಟೇ ಇದರ ಫಲ. ಆದುದರಿಂದ ಬೆಲ್ಟನ್ನು ಒಂದು ಪುಲ್ಲಿಯ ಮೆಟ್ಟಿಲಿನಿಂದ ಇನ್ನೊಂದಕ್ಕೆ ಬದಲಿಸಿ 500 ಸುತ್ತುಗಳವರೆಗಾದರೂ ಇಳಿಸಬಹುದಾದ ಯಂತ್ರವನ್ನೇ ಆರಿಸತಕ್ಕದ್ದು. ಅರ್ಧ ಅಥವಾ ಮುಕ್ಕಾಲು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಮನೆಗೆಲಸಕ್ಕೆ ಸಾಕು. ತ್ರೀ ಫೇಸ್ ಮೋಟಾರನ್ನು ಕೊಂಡವರು ವಿದ್ಯುತ್ತು ಬರುವ ಹೊತ್ತನ್ನು ಕಾದು ಕೂರಬೇಕಾದೀತು.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳಿವೆ. ನೆಟ್ಟಗಿನ ಉಕ್ಕಿನ ಸರಳೊಂದನ್ನು ಚಕ್ಕಿನಲ್ಲಿ ಬಿಗಿದು ಕೈಯಿಂದ ತಿರುಗಿಸಿ, ಪಕ್ಕದಲ್ಲಿ ಸೀಸದಕಡ್ಡಿಯ ಮೊನೆಯನ್ನು ಹಿಡಿದು ನೋಡಿರಿ. ಸರಳು ಒಮ್ಮೆ ತಾಗಿ ಒಮ್ಮೆ ದೂರವಾದರೆ ತೂತು ದೊಡ್ಡದಾಗುವುದು ನಿಶ್ಚಯ. ಚಕ್ಕನ್ನು ಪೂರ್ತಿ ಕೆಳಗಿಳಿಸಿ ಅಡ್ಡಲಾಗಿ ಅಲ್ಲಾಡಿಸಿರಿ. ಮೋಟಾರು ನಿಂತಿರುವಾಗ ಮೇಜಿನ ಮೇಲೊಂದು ಮರದ ತುಂಡನ್ನಿಟ್ಟು ಹಿಡಿಯನ್ನು ಬಲವಾಗಿ ಒತ್ತಿದಾಗ ಮೇಜು ಬಾಗಿದರೆ ಆ ಯಂತ್ರವನ್ನು ಬಿಟ್ಟುಬಿಡುವುದೇ ಲೇಸು. ದಪ್ಪ ಕಂಬದ ಹಳೆಯ ಎರಕದ ಯಂತ್ರವು ಈ ಪರೀಕ್ಷೆಗಳಲ್ಲಿ ಗೆದ್ದರೆ ತೆಳ್ಳನೆಯ ಹೊಸದಕ್ಕಿಂತ ಅದೇ ಮೇಲೆಂದು ನಮ್ಮ ಅಭಿಪ್ರಾಯ.

ಬೆಂಕಿಯಲ್ಲಿ ಕಾಯಿಸಿ ಹದಕೊಟ್ಟ ಗುಳಗಳನ್ನೂ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನೂ ಸಾಮಾನ್ಯ ಬಿಟ್ಟು ಕೊರೆಯಲಾರದು. ಇದು ಯಂತ್ರದ ದೋಷವಲ್ಲ. ಅಂಥವನ್ನು ಕಮ್ಮಾರರ ಕುಲುಮೆಗೇ ಒಯ್ಯಬೇಕು.

ಕೊನೆಯದಾಗಿ, ಯಂತ್ರದೊಡನೆ ಒಂದು ವೈಸನ್ನೂ ಎರಡು ಕ್ಲಾಂಪುಗಳನ್ನೂ ತಪ್ಪದೆ ಕೊಳ್ಳತಕ್ಕದ್ದು. ಬಿಟ್ಟು ಪಟ್ಟಿಯ ಆಚೆಗೆ ತೂರುವ ಕ್ಷಣದಲ್ಲಿ ಅದನ್ನು ಕಚ್ಚಿ ಹಿಡಿದು ತನ್ನೊಡನೆ ತಿರುಗಿಸುತ್ತದೆ. ಕೈಯಲ್ಲಿ ಹಿಡಿದ ತಗಡು ಆಗ ಕತ್ತಿಯಂತೆ ಬೀಸಿ ಬೆರಳುಗಳನ್ನು ಕತ್ತರಿಸಬಲ್ಲುದು. ಹೆಗಲ ಮೇಲಿನ ವಲ್ಲಿ, ಸಡಿಲವಾದ ತೋಳು, ಕೈಚೀಲ ಇವುಗಳನ್ನು ಕಳಚಿಟ್ಟು, ಕಣ್ಣಿಗೆ ಕನ್ನಡಕವನ್ನು ಧರಿಸಿದ ಬಳಿಕವೇ ಸ್ವಿಚ್ಚನ್ನು ಒತ್ತಬೇಕು. ಕೂಲಿಯಾಳುಗಳಿರಲಿ, ಮಕ್ಕಳಿರಲಿ ಎಂದು ಭೇದವೆಣಿಸದೆ, ಈ ಕ್ರಮವನ್ನು ಕಲಿಯದವರ ಕೈಗೆ ಯಂತ್ರವನ್ನು ಕೊಡಲಾಗದು.